ಭಾವನ ಎದುರಿಗೆ ಒಂದು ಕುರ್ಚಿ

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ, ಫಕ್ರುದ್ದೀನನ ಫರ್ನಿಚರ್ ಅಂಗಡಿಯ ಎದುರಿಗೆ ಜೀಪು ನಿಂತು ಅರ್ಧ ಗಂಟೆಯಾಗಿತ್ತು. ಗಂಡಸರು ಇಳಿದು ಒಳಗೆ ಹೋಗಿದ್ದರು. ಯಾರಿಗಾಗಿ ದೋರನಹಳ್ಳಿಯಿಂದ ಇಲ್ಲಿಯವರೆಗೆ ಬಂದಿದ್ದರೋ ಆ ಅಯ್ಯಮ್ಮ ಮಾತ್ರ ಹಿಂದಿನ ಸೀಟಿನಲ್ಲಿ, ಮುಂಜಾನೆ ಇಬ್ಬರು ಹೆಂಗಸರು ಎತ್ತಿ ಕೂಡಿಸಿದ ಭಂಗಿಯಲ್ಲೇ ಇದ್ದಳು.

ಎರಡು ವರ್ಷದ ಹಿಂದೆ ಹೊಲಗಾಲುವೆ ದಾಟುವಾಗ ಪಾಚಿಯ ಮೇಲೆ ಜಾರಿ ಬಿದ್ದು ಅವಳ ಸೊಂಟದ ಕೀಲು ಮುರಿದಿತ್ತು. ಕಲಬುರಗಿಯ ಡಾಕ್ಟರು ಉಕ್ಕಿನ ಕೀಲು ಕೂಡಿಸಿ ನಡೆಸಿದರು. ಎದ್ದು ನಿಂತಳೆಂದರೆ ವಾಕರ್ ಹಿಡಿದು ಹಿತ್ತಲಿನ ತನಕ ನಡೆದಾಳು. ಕುಳಿತಲ್ಲಿಂದ ಏಳುವುದೊಂದೇ ಆಗದು. ಅದಕ್ಕೆ ಬೇರೆಯವರ ಕೈ ಬೇಕು. ಕೆನಾಲಿನ ನೀರಿನ ಸರದಿ ಬಂದ ದಿನ ಮನೆಮಂದಿಯೆಲ್ಲ ಗದ್ದೆಗೆ ಹೋದರೆ ಆ ಕೈಗಳು ಮರಳುವುದು ಸಂಜೆಗೆ. ಆದ್ದರಿಂದ ಅವಳೊಂದು ಉಪಾಯ ಕಂಡುಕೊಂಡಿದ್ದಳು: ನೀರು ಕುಡಿಯದಿರುವುದು. ಮುಂಜಾನೆ ಎರಡು ಗುಟುಕು, ಮಧ್ಯಾಹ್ನ ಗಂಟಲು ಒದ್ದೆಯಾಗುವಷ್ಟು. ಜೋಳದ ನೆಲವನ್ನೆಲ್ಲ ಭತ್ತದ ಗದ್ದೆ ಮಾಡಿ ಆ ಮನೆಗೆ ಜೀಪು ತಂದುಕೊಟ್ಟ ಕಾಲುವೆ ಹಿತ್ತಲಿನ ಆಚೆಗೇ ಹರಿಯುತ್ತಿರುವಾಗ, ಅದೇ ಮನೆಯ ಸೊಸೆ ಬಚ್ಚಲಿಗೆ ಹೋಗುವ ಭಯಕ್ಕೆ ಬಾಯಾರಿ ಕೂಡುವುದನ್ನು ಯಾವ ಧರ್ಮ ಒಪ್ಪೀತು? ಮನೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಕೇಳಿದವರು ಡಾಕ್ಟರು. ಗುಂಡಿ ಒತ್ತಿದರೆ ಆಸನವೇ ಮೇಲೆದ್ದು ಮನುಷ್ಯರನ್ನು ನಿಲ್ಲಿಸುವಂಥ ಕುರ್ಚಿಯುಂಟು, ಅದನ್ನು ಕೊಡಿಸದಿದ್ದರೆ ಮುಂದೆ ಮೂತ್ರಪಿಂಡ ಕೆಡುತ್ತದೆ ಎಂದು ಅವರು ಅವಳ ಗಂಡ ಖಂಡಪ್ಪನನ್ನು ಗದರಿಸಿ ಕಳಿಸಿದ್ದರು.

ಖಂಡಪ್ಪ ಕೆಟ್ಟವನಲ್ಲ. ಆದರೆ ಅಣ್ಣ ಬಸವಂತ್ರಾಯನನ್ನು ಕೇಳದೆ ಎತ್ತಿನ ಹಗ್ಗವನ್ನೂ ಕೊಂಡವನಲ್ಲ. ಹಾಗಾಗಿ ಕುರ್ಚಿ ಆರಿಸಲು ಮನೆಯ ಹಿರಿಯನೇ ಹೊರಟ. ತೊಡಕು ಹುಟ್ಟಿದ್ದು ಅಲ್ಲಿಯೇ. ಅಯ್ಯಮ್ಮ ಆ ಮನೆಗೆ ಬಂದು ಮೂವತ್ತೆಂಟು ವರ್ಷ. ಭಾವನ ಎದುರಿಗೆ ಅವಳು ಕುರ್ಚಿಯಲ್ಲಿರಲಿ, ಕಟ್ಟೆಯ ಮೇಲೂ ಕೂತವಳಲ್ಲ. ಅವನೊಂದಿಗೆ ನೇರವಾಗಿ ಒಂದು ಮಾತೂ ಆಡಿದವಳಲ್ಲ. ಅವನ ಕೆಮ್ಮು ಕೇಳಿದರೆ ಸೆರಗು ಎಳೆದುಕೊಂಡು ಎದ್ದು ನಿಲ್ಲುವುದು ರೂಢಿ. ಏಳಲಾರದವಳಾದ ಮೇಲೆ, ಹಿರಿಯನಿಗೆ ಮುಜುಗರವಾಗಬಾರದೆಂದು ಅವಳ ಹಾಸಿಗೆಯನ್ನೇ ಒಳಕೋಣೆಗೆ ಸಾಗಿಸಿದರು. ಈ ದಿನ ಜೀಪಿನಲ್ಲಿ ಅವನು ಮುಂದೆ ಕೂತಿದ್ದ, ಇವಳು ಹಿಂದೆ. ಬೆನ್ನಿಗೆ ಕಣ್ಣಿಲ್ಲವಾದ್ದರಿಂದ ಮನೆತನದ ಮರ್ಯಾದೆ ಉಳಿಯಿತು.

ಅಂಗಡಿಯ ಗಾಜಿನಾಚೆ ಎರಡು ಕುರ್ಚಿಗಳು ಅವಳಿಗೆ ಕಾಣುತ್ತಿದ್ದವು. ಒಂದು ಕಾಫಿಬಣ್ಣದ್ದು, ಮಂಚದಷ್ಟು ಭಾರಿ. ಇನ್ನೊಂದು ಬೂದಿಬಣ್ಣದ ಸಣ್ಣದು. ಆರಡಿ ಎತ್ತರದ ಬಸವಂತ್ರಾಯ ದೊಡ್ಡದರಲ್ಲಿ ಕೂತ. ಅದು ಅವನನ್ನು ಎತ್ತಿ ನಿಲ್ಲಿಸಿತು. ಅವನು ನಕ್ಕ, ಮತ್ತೆ ಕೂತ. ಬಳಿಕ ಖಂಡಪ್ಪ ಕೂತ. ತೆರೆದ ಬಾಗಿಲಿನಿಂದ ಹಿರಿಯನ ತೀರ್ಪು ಜೀಪಿನವರೆಗೂ ಕೇಳಿತು.

"ಪಡಸಾಲ್ಯಾಗ ಇಟ್ರ ಇಂಥಾದು ಇಡಬೇಕು ನೋಡು. ಆ ಸಣ್ಣದು ಕಟಿಂಗ್ ಅಂಗಡಿ ಕುರ್ಚಿ ಕಂಡಂಗ ಕಾಣ್ತದ."

ಕುಂದರುವವರು ಯಾರು ಎಂದು ಫಕ್ರುದ್ದೀನ ಕೇಳಿರಬೇಕು. ಖಂಡಪ್ಪ ಗದ್ದದಿಂದ ಜೀಪಿನ ಕಡೆಗೆ ತೋರಿಸಿದ. ಅಂಗಡಿಯವನು ಒಂದು ಗಳಿಗೆ ಅವಳನ್ನೇ ನೋಡಿದ. ಅಳತೆಯ ಟೇಪು ಹಿಡಿದು ಹೊರಗೆ ಬಂದು, ಅದನ್ನು ಅವಳ ಕೈಗೇ ಕೊಟ್ಟು, ಮೊಣಕಾಲಿನಿಂದ ಹಿಮ್ಮಡಿಯ ತನಕ ಎಷ್ಟಾಗುತ್ತದೆ ನೋಡಿ ಹೇಳಲು ವಿನಂತಿಸಿದ. ಹದಿನೈದು ಇಂಚು. ದೊಡ್ಡ ಕುರ್ಚಿಯ ಆಸನದ ಎತ್ತರ ಇಪ್ಪತ್ತು.

"ನಿಮ್ಮ ಪಾದ ನೆಲಕ್ಕ ಹತ್ತಂಗಿಲ್ರಿ ಅಕ್ಕಾರ. ಅದು ನಿಮ್ಮನ್ನ ಎಬ್ಬಸಂಗಿಲ್ಲ, ಜಾರಿಸಿ ಕೆಡವ್ತದ. ಕುರ್ಚಿ ಅಂದ್ರ ಚಪ್ಪಲ್ ಇದ್ದಂಗ್ರಿ, ಒಬ್ಬರದು ಒಬ್ಬರು ಮೆಟ್ಟಿ ನೋಡಿದ್ರ ನಡ್ಯಂಗಿಲ್ಲ."

ಗಾಜಿನಾಚೆ ಆಗಲೇ ಇಬ್ಬರು ಆಳುಗಳು ಕಾಫಿಬಣ್ಣದ ಕುರ್ಚಿಗೆ ಪ್ಲಾಸ್ಟಿಕ್ ಸುತ್ತತೊಡಗಿದ್ದರು. ಅಯ್ಯಮ್ಮ ಗಂಡನನ್ನು ಕರೆಸಿ ತನ್ನನ್ನು ಇಳಿಸಲು ಹೇಳಿದಳು. ಅವನು ರಸ್ತೆಯ ಆ ಕಡೆ ಈ ಕಡೆ ನೋಡಿದ. ಅಣ್ಣ ಒಳಗಿದ್ದಾನೆ, ಚಹಾ ಕುಡಿದು ಹೊರಗೆ ಬರಲಿ, ಆಮೇಲೆ ನೋಡೋಣ ಎಂದ. ಆಮೇಲೆ ಎಂದರೆ ಆ ಕುರ್ಚಿ ಜೀಪು ಏರಿದ ಮೇಲೆ ಎಂಬುದು ಅವಳಿಗೆ ಗೊತ್ತಿತ್ತು. ತನ್ನ ಉಳಿದ ಆಯುಷ್ಯವನ್ನು ಆ ಭಾರಿ ಕುರ್ಚಿಯಲ್ಲಿ ಕಾಲು ತೂಗಾಡಿಸುತ್ತ, ಯಾರಾದರೂ ಬಂದಾರೇನೋ ಎಂದು ಬಾಗಿಲು ಕಾಯುತ್ತ ಕಳೆಯಬೇಕೆಂಬುದೂ ಗೊತ್ತಿತ್ತು.

"ಅದರಾಗಿಂದ ನಾ ಬೀಳೂದು ಅವರ ಮುಂದ ಅಲ್ಲ. ಮನ್ಯಾಗ ಯಾರೂ ಇಲ್ದಾಗ, ಒಬ್ಬಾಕಿನ ಬೀಳ್ತೀನಿ. ಇಳಸ್ರಿ ನನ್ನ."

ಖಂಡಪ್ಪ ಇಳಿಸಿದ. ವಾಕರ್ ಊರಿಕೊಂಡು ಅವಳು ಅಂಗಡಿಯೊಳಗೆ ಹೆಜ್ಜೆಯಿಟ್ಟಾಗ ಬಸವಂತ್ರಾಯ ಗಲ್ಲಾದ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ. ಅವಳ ಸೆರಗು ಹಣೆಯ ತನಕ ಇಳಿದಿತ್ತು. ಸಣ್ಣ ಕುರ್ಚಿಗೆ ಬೆನ್ನು ಮಾಡಿ ನಿಂತಳು. ಮೂವತ್ತೆಂಟು ವರ್ಷದ ರೂಢಿ ಅವಳ ಕತ್ತು ಹಿಡಿದು ನಿಲ್ಲಿಸಿತ್ತು. ಕೂಡುವುದು ಒಂದು ಭಯ, ಕೂತ ಮೇಲೆ ಇದೂ ಎಬ್ಬಿಸದೆ ಹೋದರೆ ಎಂಬುದು ಇನ್ನೊಂದು. ಆಸನದ ಅಂಚು ಮೀನಖಂಡಕ್ಕೆ ತಾಗಿತು. ಕೂತಳು. ಎರಡೂ ಪಾದಗಳು ನೆಲದ ಮೇಲೆ ಪೂರ್ತಿ ಊರಿ ನಿಂತವು.

ಬಸವಂತ್ರಾಯ ಅರ್ಧ ಕುಡಿದ ಚಹಾವನ್ನು ಅಲ್ಲಿಯೇ ಇಟ್ಟು ಹೊರಗೆ ನಡೆದ.

ಹಿರಿಯರಿಗೆ ಏನು ಕೊಡಬೇಕೆಂಬುದನ್ನು ನಾವು ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತೇವೆ. ಹಿರಿಯರು ಏನು ಕೊಡಬೇಕೆಂಬ ಪಾಠ ಯಾವ ತರಗತಿಯಲ್ಲಿಯೂ ಇಲ್ಲ.

ಅಯ್ಯಮ್ಮ ಗುಂಡಿ ಒತ್ತಿದಳು. ಆಸನ ಗುಂಯ್‌ಗುಡುತ್ತ, ಅವಸರವಿಲ್ಲದೆ ಏರಿತು. ಮೊಣಕಾಲು ಬಿಚ್ಚಿದವು, ಸೊಂಟ ನೆಟ್ಟಗಾಯಿತು, ಅವಳು ನಿಂತಿದ್ದಳು. ಕಂಕುಳಲ್ಲಿ ಯಾರ ಕೈಯೂ ಇರಲಿಲ್ಲ. ನಂಬಿಕೆ ಸಾಲದೆ ಇನ್ನೊಮ್ಮೆ ಕೂತು, ಇನ್ನೊಮ್ಮೆ ಎದ್ದಳು.

ಇದೇ ಇರಲಿ ಎಂಬ ಅವಳ ಮಾತನ್ನು ಹೊತ್ತು ಖಂಡಪ್ಪ ಅಣ್ಣನ ಬಳಿಗೆ ಹೋದ. ಬಿಸಿಲಿನಲ್ಲಿ ಅಣ್ಣನ ಕೈ ಎರಡು ಸಲ ಗಾಳಿಯನ್ನು ಕಡಿದದ್ದು ಗಾಜಿನೊಳಗಿಂದ ಕಂಡಿತು. ತಮ್ಮ ತಲೆ ತಗ್ಗಿಸಿಕೊಂಡೇ ಮರಳಿ ಬಂದ.

"ಬೇಕಾದ್ದು ಒಯ್ರಿ ಅಂದಾನ. ಆದ್ರ ಪಡಸಾಲ್ಯಾಗ ಬ್ಯಾಡಂತ. ಒಳಕೋಣ್ಯಾಗ ಇರ್ಲಿ, ನನ್ನ ಕಣ್ಣಿಗಿ ಬೀಳಬಾರ್ದು ಅಂದಾನ."

ಆ ಕೋಣೆಗೆ ಕಿಟಕಿಯಿಲ್ಲ. ಮೂರು ಕಡೆ ಭತ್ತದ ಚೀಲ, ಮೇಲೊಂದು ಬಲ್ಬು. ಎರಡು ವರ್ಷ ಅವಳು ಎಣಿಸಿದ್ದು ಅದರ ಜಂತೆಗಳನ್ನೇ. ಈ ಕುರ್ಚಿಯ ವೈರನ್ನು ಚುಚ್ಚಲು ಅಲ್ಲಿ ಗೋಡೆಯಲ್ಲಿ ಜಾಗವೇ ಇಲ್ಲ.

"ಅಲ್ಲಿ ಪ್ಲಗ್ ಇಲ್ಲ," ಎಂದಳು. "ಹಾಕಸ್ರಿ. ಹಾಕ್ಸೂತನಕ ಇದು ಪಡಸಾಲ್ಯಾಗ ಇರ್ತದ."

"ಅವಗ ನಾ ಹ್ಯಾಂಗ ಹೇಳ್ಲಿ?"

"ನೀವು ಹೇಳ್ದಿದ್ರ ನಾ ಹೇಳ್ತೀನಿ."

ಖಂಡಪ್ಪ ಅವಳ ಮುಖ ನೋಡಿದ. ಹೇಳಿಯೇಬಿಟ್ಟಾಳು ಎಂಬುದು ಅವನಿಗೆ ಖಾತ್ರಿಯಾಗಿರಬೇಕು. ತಾನೇ ಬಾಗಿಲು ದಾಟಿದ. ಅವನು ಉತ್ತರ ತರುವ ತನಕ ನಿಂತು ಕಾಯಬೇಕೆಂದು ಅಯ್ಯಮ್ಮನಿಗೆ ಅನ್ನಿಸಲಿಲ್ಲ. ಗುಂಡಿ ಒತ್ತಿ, ಬಾಗಿಲಿಗೆ ಎದುರಾಗಿ ಕುಳಿತಳು.