ಏಳನೆಯ ಟ್ರೇಯ ಪಿನ್ನು

ಮನುಷ್ಯನ ಮೆದುಳನ್ನು ಮಾಡಿದವನು ಯಾರೇ ಇರಲಿ, ಅದನ್ನು ಪರೀಕ್ಷೆಗೆ ಓದುವವರ ಬಗ್ಗೆ ಅವನು ಒಂದು ಚೂರೂ ಯೋಚಿಸಿರಲಿಲ್ಲ ಎಂಬುದು ಮಹಾಲಕ್ಷ್ಮಿಯ ಖಚಿತ ಅಭಿಪ್ರಾಯ. ಎಲುಬಾದರೆ ಎಣಿಸಬಹುದು. ಸ್ನಾಯುವಾದರೆ ಹಿಡಿದು ನೋಡಬಹುದು. ಈ ಮೆದುಳೋ, ಹೊರಗಿನಿಂದ ನೋಡಿದರೆ ಬರೇ ಮಡಿಕೆ, ಕುಯ್ದು ನೋಡಿದರೆ ಬೂದು, ಬಿಳಿ, ಮತ್ತೆ ಬೂದು. ಅದರಲ್ಲಿ ಚುಕ್ಕೆ ಚುಕ್ಕೆಗೂ ಒಂದೊಂದು ಲ್ಯಾಟಿನ್ ಹೆಸರು. ಸಾಲದ್ದಕ್ಕೆ ಬಲಗೈ ಎತ್ತಬೇಕಾದರೆ ಮೆದುಳಿನ ಎಡಭಾಗ ಅಪ್ಪಣೆ ಕೊಡಬೇಕಂತೆ. ಬಲದ್ದನ್ನು ಬಲದವರೇ ನೋಡಿಕೊಂಡಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?

ಮಣಿಪಾಲಕ್ಕೆ ಹೋಗುವ ದಾರಿಯ ಒಂದು ಸಣ್ಣ ಕಾಲೇಜಿನಲ್ಲಿ ಅವಳು ಫಿಸಿಯೋಥೆರಪಿ ಓದುತ್ತಿದ್ದಳು, ಮೊದಲ ವರ್ಷ. ಉಳಿದ ವಿಷಯಗಳೆಲ್ಲ ಹೇಗೋ ಕೈಹಿಡಿದಿದ್ದವು. ನ್ಯೂರೋಅನಾಟಮಿ ಮಾತ್ರ ಮುಖ ತಿರುಗಿಸಿಕೊಂಡು ಕುಳಿತಿತ್ತು. ಮೊದಲ ಕಿರುಪರೀಕ್ಷೆಯಲ್ಲಿ ಐವತ್ತಕ್ಕೆ ಹನ್ನೊಂದು, ಎರಡನೆಯದರಲ್ಲಿ ಹದಿನಾಲ್ಕು. ಮೂರನೆಯದರಲ್ಲಿ ಇಪ್ಪತ್ತೈದಾದರೂ ಬಾರದಿದ್ದರೆ ವಿಶ್ವವಿದ್ಯಾಲಯದ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ, ಒಂದು ವರ್ಷ ನೀರುಪಾಲು. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ತಂಗಿ ನಾಗವೇಣಿಯನ್ನು. ಪಿಯುಸಿ ಮುಗಿಸುತ್ತಿದ್ದ ಅವಳಿಗೂ ಅದೇ ಕಾಲೇಜಿನ ಮೇಲೆ ಕಣ್ಣು.

"ಮುಂದಿನ ವರ್ಷ ನಾವಿಬ್ರೂ ಒಂದ ಬೆಂಚಿನ್ಯಾಗ ಕುಂದ್ರೂಣು ಅಕ್ಕಾ. ನಿನಗ ತಿಳೀಲಿಲ್ಲಂದ್ರ ನಾ ಹೇಳಿಕೊಡ್ತೀನಿ" ಎಂದು ಅವಳು ದಿನಕ್ಕೆರಡು ಸಲ ಹೇಳುತ್ತಿದ್ದಳು.

ಅಪ್ಪ ಮಾನಪ್ಪ ಬಾದಾಮಿ ಕಡೆಯಿಂದ ಉಡುಪಿಗೆ ಗಾರೆ ಕೆಲಸಕ್ಕೆ ಬಂದು ಇಪ್ಪತ್ತೆರಡು ವರ್ಷ ಆಗಿತ್ತು. ಮಕ್ಕಳಿಬ್ಬರೂ ಇಲ್ಲೇ ಹುಟ್ಟಿ, ಬೀದಿಯಲ್ಲಿ ತುಳು, ಮನೆಯಲ್ಲಿ ಬಾದಾಮಿ ಮಾತು ಆಡುತ್ತ ಬೆಳೆದವರು. ಪರೀಕ್ಷೆಯ ದಿನ ಬೆಳಿಗ್ಗೆ ಮಾನಪ್ಪ ಕನ್ನಡಿ ತೂಗುಹಾಕಲು ಗೋಡೆಗೆ ಮೊಳೆ ಇಟ್ಟು ಹೆಬ್ಬೆರಳಿನಲ್ಲಿ ಒತ್ತಿದ. ಅದು ಸಲೀಸಾಗಿ ಒಳಗೆ ಹೋಯಿತು.

"ಸುತ್ತಿಗಿ ಇಲ್ದನ ಹೋತಲ್ಲಪ್ಪಾ!" ಎಂದಳು ಮಹಾಲಕ್ಷ್ಮಿ.

"ಹಳೇ ತೂತು ಇತ್ತವಾ, ಸುಣ್ಣದಾಗ ಮುಚ್ಚಿತ್ತು. ಹೊಸಾ ಗ್ವಾಡಿ ಹಂಗ ಸುಮ್ನ ದಾರಿ ಬಿಡಂಗಿಲ್ಲ."

ತಲೆಯ ತುಂಬ ಲ್ಯಾಟಿನ್ ಹೆಸರು ತುಂಬಿಕೊಂಡಿದ್ದವಳಿಗೆ ಅಪ್ಪನ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟಿತು. ಅಷ್ಟರಲ್ಲಿ ಅವ್ವ ಯಮನವ್ವ ಬಿಳಿ ಕೋಟು ತಂದಳು. ಸೀನಿಯರ್ ಒಬ್ಬಳು ಬಿಟ್ಟುಹೋದ ಕೋಟು ಅದು, ತೋಳು ಬೆರಳಿನ ತುದಿ ದಾಟುತ್ತಿತ್ತು. ಆದಿ ಉಡುಪಿಯ ಮಾರುಕಟ್ಟೆ ಯಾರ್ಡಿನಲ್ಲಿ ಗೋಣಿಚೀಲ ಹೊಲಿಯುವ ಯಮನವ್ವ ಅದನ್ನು ಮಡಚಿ, ಚೀಲದ ದಾರದಲ್ಲೇ ಹೊಲಿದಿದ್ದಳು. "ಐವತ್ತು ಕೇಜಿ ಅಕ್ಕಿ ತುಂಬಿದ್ರೂ ಬಿಚ್ಚಂಗಿಲ್ಲ ನೋಡು" ಎಂದಳು. ಬಿಚ್ಚಲಿಲ್ಲ, ನಿಜ. ಆದರೆ ಬಲತೋಳಿನ ಅಂಚಿನಲ್ಲಿ ದಾರದ ಒಂದು ಕುಣಿಕೆ ಹೊರಗೆ ಉಳಿದಿತ್ತು.

ಪರೀಕ್ಷೆಯ ಕ್ರಮ ಹೀಗೆ. ಉದ್ದ ಹಾಲಿನಲ್ಲಿ ಐವತ್ತು ಟ್ರೇ, ಟ್ರೇಗೊಂದು ಮೆದುಳಿನ ತುಂಡು, ತುಂಡಿಗೊಂದು ಕೆಂಪು ತಲೆಯ ಪಿನ್ನು. ಪಿನ್ನು ಚುಚ್ಚಿದ ಜಾಗದ ಹೆಸರು ಬರೆದರೆ ಒಂದು ಅಂಕ. ನಿಮಿಷಕ್ಕೊಮ್ಮೆ ಅಟೆಂಡರ್ ಅಂಗಾರಣ್ಣ ಹಿತ್ತಾಳೆಯ ಗಂಟೆ ಬಾರಿಸುತ್ತಾನೆ. ಗಂಟೆ ಬಾರಿಸಿದಾಗಲೆಲ್ಲ ಒಬ್ಬೊಬ್ಬರು ಒಳಗೆ ಬರಬೇಕು, ಒಳಗಿದ್ದವರು ಒಂದೊಂದು ಟ್ರೇ ಮುಂದೆ ಸರಿಯಬೇಕು. ಹಿಂದೆ ತಿರುಗುವ ಹಾಗಿಲ್ಲ. ಮೂವತ್ತು ವರ್ಷದಿಂದ ಗಂಟೆ ಬಾರಿಸುತ್ತಿದ್ದ ಅಂಗಾರಣ್ಣನಿಗೆ ಅರ್ಧ ಮೆದುಳು ಬಾಯಿಪಾಠವಾಗಿತ್ತು ಎಂದು ಹುಡುಗರು ಹೇಳುತ್ತಿದ್ದರು. ಇನ್ನು ಪಾಠ ಮಾಡುವ ಡಾಕ್ಟರ್ ಒಲಿಂಡಾ ಮೇಡಂ ಕಾರ್ಕಳದವರು. ಕಾರ್ಕಳದ ಕಪ್ಪು ಕಲ್ಲು ಎಷ್ಟು ಗಟ್ಟಿಯೆಂದು ಮಾನಪ್ಪನಿಗೆ ಗೊತ್ತು, ಕಾರ್ಕಳದ ಮೇಡಂ ಎಷ್ಟು ಗಟ್ಟಿಯೆಂದು ಮಗಳಿಗೆ ಗೊತ್ತು.

"ಪಿನ್ನಾಗಲಿ ಸ್ಪೆಸಿಮೆನ್ ಆಗಲಿ ಮುಟ್ಟಿದವರ ಪೇಪರ್ ಅಲ್ಲಿಗೇ ಕ್ಯಾನ್ಸಲ್. ಎಂತ ಕಾರಣವೂ ನನಗೆ ಬೇಡ" ಎಂದು ಮೇಡಂ ಬಾಗಿಲಲ್ಲೇ ಎಚ್ಚರಿಸಿದ್ದರು.

ಮಹಾಲಕ್ಷ್ಮಿ ಹದಿನೆಂಟನೆಯವಳು. ಮೊದಲ ಆರು ಟ್ರೇ ಹೇಗೋ ದಾಟಿದಳು. ಏಳನೆಯದಕ್ಕೆ ಬಂದು, ಬಗ್ಗಿ, ಪೇಪರನ್ನು ಸರಿಮಾಡಿಕೊಳ್ಳುವುದಕ್ಕೆ ಕೈ ಎತ್ತಿದಳು ನೋಡಿ, ಅವ್ವನ ದಾರದ ಕುಣಿಕೆ ಪಿನ್ನಿನ ತಲೆಗೆ ಸಿಕ್ಕಿ, ಪಿನ್ನು ಕಿತ್ತು ತೋಳಿನಲ್ಲಿ ನೇತಾಡತೊಡಗಿತು.

ಅಯ್ಯೋ ಶಿವನೇ! ಎಲ್ಲಿತ್ತು ಇದು? ಅವಳು ಇನ್ನೂ ನೋಡಿಯೇ ಇರಲಿಲ್ಲ. ಮೇಡಂ ಆ ತುದಿಯಲ್ಲಿ ಯಾರನ್ನೋ ಗದರುತ್ತಿದ್ದರು. ಕರೆದು ಹೇಳಿದರೆ ಪೇಪರ್ ಕ್ಯಾನ್ಸಲ್, ನಾಗವೇಣಿಯ ಪಕ್ಕದ ಬೆಂಚು ಖಾಯಂ. ಮೆದುಳಿನ ಬುಡದ ಆ ತುಂಡಿನಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ ಒಂದು ಜಾಗ, ಕಪ್ಪು ಗೆರೆ. ಸಬ್‌ಸ್ಟಾನ್ಶಿಯಾ ನೈಗ್ರಾ. ಆ ಕಪ್ಪು ಕರಗುತ್ತ ಹೋದರೆ ಕೈ ನಡುಗುತ್ತದೆ ಎಂದು ಓದಿದ ದಿನ ಅವಳಿಗೆ ಅಪ್ಪನ ಊರಿನ ಸೋಮಲಿಂಗಜ್ಜ ನೆನಪಾಗಿ ಅಳು ಬಂದಿತ್ತು. ಕೈ ನಡುಗಿ ಅಜ್ಜ ಬಸಿಯ ಚಹಾವನ್ನು ಅರ್ಧ ನೆಲಕ್ಕೆ ಚೆಲ್ಲುತ್ತಿದ್ದ. ಮಂದಿ ನಗುತ್ತಿದ್ದರು. ಇಡೀ ಪುಸ್ತಕದಲ್ಲಿ ಮರೆಯದೆ ಉಳಿದದ್ದು ಆ ಗೆರೆ ಮಾತ್ರ. ಪಿನ್ನನ್ನು ತೆಗೆದು ಗೆರೆಯ ನಡುವೆ ಇಟ್ಟಳು. ಒತ್ತಬೇಕಾಗಿಯೂ ಬರಲಿಲ್ಲ, ತಾನೇ ಇಳಿದು ನಿಂತಿತು. ಹೆಸರು ಬರೆಯುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಹೋಯಿತು.

ಅವಳ ಹಿಂದಿದ್ದವನು ಕಾಪುವಿನ ಪ್ರತೀಕ್. ಅವನು ಬಸ್ಸಿನಲ್ಲಿ ನಾಲ್ಕೇ ನಾಲ್ಕು ಪುಟ ಓದಿಕೊಂಡು ಬಂದಿದ್ದ. ಏಳನೆಯ ಟ್ರೇ ಕಂಡದ್ದೇ ಅವನ ಮುಖ ಅರಳಿತು.

ಶನಿವಾರ ಅಂಕ ಬಂತು. ಮಹಾಲಕ್ಷ್ಮಿಗೆ ಇಪ್ಪತ್ತನಾಲ್ಕು. ಒಂದು, ಬರೇ ಒಂದು ಅಂಕ ಕಡಿಮೆ! ಆದರೆ ಮೇಡಂ ಅಷ್ಟಕ್ಕೇ ಬಿಡಲಿಲ್ಲ.

"ಏಳನೆಯ ಟ್ರೇಯಲ್ಲಿ ಇದ್ದದ್ದು ರೆಡ್ ನ್ಯೂಕ್ಲಿಯಸ್. ಹದಿನೇಳನೆಯವರ ತನಕ ಗೊತ್ತಿದ್ದವರೆಲ್ಲ ಸರಿಯಾಗಿಯೇ ಬರೆದಿದ್ದಾರೆ. ಹದಿನೆಂಟರಿಂದ ನಲವತ್ತರ ತನಕ ಎಲ್ಲರದ್ದೂ ಸಬ್‌ಸ್ಟಾನ್ಶಿಯಾ ನೈಗ್ರಾ! ತಪ್ಪು ಮಾಡಿದರೂ ಒಟ್ಟಿಗೇ ಮಾಡುದಾ? ಇದು ಸಾಮೂಹಿಕ ಕಾಪಿ. ಈ ಇಪ್ಪತ್ತಮೂರು ಮಂದಿಗೆ ಬುಧವಾರ ಬೇರೆ ಪರೀಕ್ಷೆ. ಕಾಪಿ ಅಂತ ಫೈಲಿನಲ್ಲಿಯೂ ಬರೀತೇನೆ."

ನಿಜ ಹೇಳಬೇಕಲ್ಲ, ಮಹಾಲಕ್ಷ್ಮಿಗೆ ಒಳಗೊಳಗೇ ಹಾಳು ಸಂತೋಷವಾಯಿತು. ಫೇಲಾದವಳಿಗೆ ಇನ್ನೊಂದು ಪರೀಕ್ಷೆಯೆಂದರೆ ಇನ್ನೊಂದು ಜೀವ. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಬಾಯಿ ಬಿಟ್ಟರೆ ಪೇಪರ್ ಕ್ಯಾನ್ಸಲ್, ವರ್ಷ ಹೋಯಿತು. ಇದರಲ್ಲಿ ಯೋಚಿಸುವುದಕ್ಕೇನಿದೆ?

ಯೋಚಿಸುವಂತೆ ಮಾಡಿದವನು ಪ್ರತೀಕ್. ಕಾರಿಡಾರಿನಲ್ಲಿ ಅವನು ಅಳುವುದೊಂದು ಬಾಕಿ.

"ಇಪ್ಪತ್ತಾರು ಬಂದಿತ್ತು ಮಾರಾಯ್ತಿ! ಇನ್ನೊಮ್ಮೆ ಬರೆದರೆ ನನಗೆ ಇಪ್ಪತ್ತಾರು ಬರ್ತದಾ? ಇಡೀ ಜೀವಮಾನದಲ್ಲಿ ಒಂದೇ ಒಂದು ಉತ್ತರ ನಾನಾಗಿ ಓದಿ ಬರೆದದ್ದು. ಅದೇ ಕಾಪಿ ಅಂತೆ!"

"ಹೋಗಲಿ ಬಿಡು ಪ್ರತೀಕ್..."

"ಎಂತ ಬಿಡುದು? ನಿನ್ನ ಬೆನ್ನ ಹಿಂದೆಯೇ ಇದ್ದೆನಲ್ಲ, ನಿನ್ನದು ನೋಡಿ ಬರೆದೆ ಅಂತ ಹೇಳ್ತಾರೆ ಎಲ್ಲರೂ. ನೀನು ಒಮ್ಮೆ ಮೇಡಂ ಹತ್ತಿರ ಬಂದು, ಇವ ನೋಡಲಿಲ್ಲ ಅಂತ ಹೇಳ್ತೀಯಾ? ನೀನು ಸುಳ್ಳು ಹೇಳುವವಳಲ್ಲ ಅಂತ ಅವರಿಗೂ ಗೊತ್ತುಂಟು."

ಥೂ, ಬೇರೆ ಯಾವ ಮಾತೂ ಸಿಗಲಿಲ್ಲವೇ ಇವನಿಗೆ! ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ನಂಬಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಮನಸ್ಸು ಬದಲಾಗುವ ಮೊದಲೇ ಹೋಗಿಬಿಡಬೇಕೆಂದು ಬಿರಬಿರನೆ ಅನಾಟಮಿ ಹಾಲಿಗೆ ನಡೆದಳು. ಪ್ರತೀಕ್ ಏನೆಂದು ತಿಳಿಯದೆ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ.

ಒಳಗೆ ಅಂಗಾರಣ್ಣ ಟ್ರೇಗಳನ್ನು ಎತ್ತಿಡುತ್ತಿದ್ದ. ಮೇಡಂ ಟೇಬಲಿನಲ್ಲಿದ್ದರು.

"ಮೇಡಂ, ಯಾರೂ ಕಾಪಿ ಮಾಡಲಿಲ್ಲ. ಏಳನೆಯ ಟ್ರೇಯ ಪಿನ್ನು ನನ್ನ ತೋಳಿಗೆ ಸಿಕ್ಕಿ ಕಿತ್ತುಬಂತು. ನಾನು ಪುನಃ ಚುಚ್ಚಿದೆ. ನನ್ನ ಹಿಂದೆ ಬಂದವರೆಲ್ಲ ಕಂಡದ್ದನ್ನು ಬರೆದಿದ್ದಾರೆ" ಎಂದು ಮಹಾಲಕ್ಷ್ಮಿ ಒಂದೇ ಉಸಿರಿನಲ್ಲಿ ಹೇಳಿದಳು.

ಮೇಡಂ ಕನ್ನಡಕ ತೆಗೆದರು. "ಮೊದಲು ಎಲ್ಲಿತ್ತು?"

"ನೋಡಲಿಲ್ಲ ಮೇಡಂ."

"ಮತ್ತೆ ಅಲ್ಲಿಯೇ ಯಾಕೆ ಚುಚ್ಚಿದ್ದು?"

"ನನಗೆ ಗೊತ್ತಿದ್ದದ್ದು ಅದೊಂದೇ ಮೇಡಂ."

ಅಂಗಾರಣ್ಣನಿಗೆ ನಗು ಬಂದು, ಅದನ್ನು ಕೆಮ್ಮು ಮಾಡಿಕೊಂಡ. ಮೇಡಂ ನಗಲಿಲ್ಲ. ಏಳನೆಯ ಟ್ರೇ ತರಿಸಿ, ಪಿನ್ನು ಕಿತ್ತು, ತುಂಡಿನ ಅಂಚಿಗೆ ಒತ್ತಿ ತೋರಿಸಿದರು. ಪಿನ್ನು ಬಾಗಿತು, ಒಳಗೆ ಹೋಗಲು ತಕರಾರು ಮಾಡಿತು.

"ನೋಡು. ಫಾರ್ಮಲಿನ್ನಿನಲ್ಲಿ ಗಟ್ಟಿಯಾದದ್ದು ಇದು. ಬಲ ಹಾಕಿ ಒತ್ತದೆ ಇಳಿಯುದಿಲ್ಲ. ಗಾಬರಿಯಲ್ಲಿ ಆದದ್ದು ಅಂತ ಕಥೆ ಹೇಳ್ಬೇಡ. ಬೇಕಂತಲೇ ಒತ್ತಿ ಚುಚ್ಚಿದ್ದು ನೀನು."

"ಇಲ್ಲ ಮೇಡಂ, ನಾನು ಒತ್ತಲೇ ಇಲ್ಲ. ಇಟ್ಟೆ, ತಾನೇ..."

ಮಾತು ಅಲ್ಲಿಗೇ ನಿಂತಿತು. ಕನ್ನಡಿ, ಅಪ್ಪನ ಹೆಬ್ಬೆರಳು, ಸಲೀಸಾಗಿ ಒಳಗೆ ಹೋದ ಮೊಳೆ. ಮೂರು ದಿನದ ಹಿಂದೆ ಇನ್ನೊಂದು ಕಿವಿಯಲ್ಲಿ ಹೊರಟುಹೋಗಿದ್ದ ಮಾತು ವಾಪಸು ಬಂದಿತ್ತು.

"ಮೇಡಂ, ಅಲ್ಲಿ ಮೊದಲೇ ತೂತಿತ್ತು! ನನಗಿಂತ ಮೊದಲೇ ಅಲ್ಲಿ ಯಾರೋ ಪಿನ್ನು ಚುಚ್ಚಿದ್ದಾರೆ."

"ಎಂತ ಮಾತಾಡ್ತೀ? ಇದು ಹೊಸ ತುಂಡು. ಪರೀಕ್ಷೆಯ ಹಿಂದಿನ ಸಂಜೆಯೇ ನಾನು ಕುಯ್ದದ್ದು, ಪಿನ್ನು ಇಟ್ಟದ್ದೂ ನಾನೇ."

ಅಂಗಾರಣ್ಣನಿಗೆ ಮತ್ತೆ ಕೆಮ್ಮು ಬಂತು. ಈ ಸಲ ನಿಜವಾದದ್ದು.

"ಮೇಡಂ... ಒಂದು ವಿಷಯ ಉಂಟು. ಪರೀಕ್ಷೆಯ ದಿನ ಬೆಳಿಗ್ಗೆ ನೀವು ಬರುವ ಮೊದಲು, ಒಣಗಬಾರದು ಅಂತ ನೀರು ಚಿಮುಕಿಸ್ತಾ ಇದ್ದೆ. ಏಳನೆಯದ್ದರ ಪಿನ್ನು ಬಿದ್ದುಹೋಯಿತು. ಗುಂಡಗೆ ಇದ್ದದ್ದು ಒಂದು ಕಣ್ಣಿಗೆ ಕಂಡಿತು, ಅದರಲ್ಲಿ ಚುಚ್ಚಿದೆ. ಮೂವತ್ತು ವರ್ಷದಿಂದ ಆ ತುಂಡಿನಲ್ಲಿ ಒಂದೋ ಗುಂಡ, ಇಲ್ಲದಿದ್ದರೆ ಗೆರೆ ಅಲ್ವಾ ಕೇಳುದು?"

ಗುಂಡ ಎಂದರೆ ರೆಡ್ ನ್ಯೂಕ್ಲಿಯಸ್. ಮೇಡಂ ಡೈರಿ ತೆಗೆದು ಪರೀಕ್ಷೆಯ ಹಿಂದಿನ ಸಂಜೆಯ ಪಟ್ಟಿ ನೋಡಿದರು. ಏಳು: ಸಬ್‌ಸ್ಟಾನ್ಶಿಯಾ ನೈಗ್ರಾ. ತಮ್ಮದೇ ಅಕ್ಷರ. ಆಮೇಲೆ ಬೆಳಿಗ್ಗೆ ಬರೆದ ಉತ್ತರದ ಹಾಳೆ ನೋಡಿದರು. ಏಳು: ರೆಡ್ ನ್ಯೂಕ್ಲಿಯಸ್. ಅದೂ ತಮ್ಮದೇ ಅಕ್ಷರ. ಅವರ ಕಿವಿ ಕೆಂಪಾಯಿತು.

"ಬಸ್ಸು ತಡವಾಗಿತ್ತು. ಡೈರಿ ತೆರೆಯಲಿಕ್ಕೆ ಪುರುಸೊತ್ತಿರಲಿಲ್ಲ. ಟ್ರೇ ನೋಡ್ತಾ ನೋಡ್ತಾ ಹಾಗೆಯೇ ಬರೆದೆ" ಎಂದರು, ಸಣ್ಣ ದನಿಯಲ್ಲಿ.

ಬಾಗಿಲಲ್ಲಿದ್ದ ಪ್ರತೀಕನ ಬಾಯಿ ಸುಮ್ಮನಿರಬೇಕಲ್ಲ!

"ಹಾಗಾದರೆ ಮೇಡಂ, ನೀವೂ ನೋಡಿ ಬರೆದದ್ದಾ?"

ಮೇಡಂ ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ, ಆ ಕಾಲೇಜಿನಲ್ಲಿ ಯಾರೂ ಕಂಡಿರದ ಸಂಗತಿ, ನಕ್ಕರು. ಟೇಬಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಏಳನೆಯದಕ್ಕೆ ಎರಡರಲ್ಲಿ ಯಾವುದನ್ನು ಬರೆದಿದ್ದರೂ ಅಂಕ ಉಂಟು. ಬುಧವಾರ ಪರೀಕ್ಷೆ ಇಲ್ಲ. ಫೈಲಿನಲ್ಲಿ ಎಂತದೂ ಬರೆಯುದಿಲ್ಲ" ಎಂದರು, ಕಣ್ಣೊರೆಸಿಕೊಂಡು. ಮಹಾಲಕ್ಷ್ಮಿ ತಲೆ ತಗ್ಗಿಸಿ, "ನನ್ನ ಪೇಪರ್, ಮೇಡಂ? ನಾನು ಮುಟ್ಟಿದ್ದೇನೆ" ಎಂದಳು.

"ಮುಟ್ಟಿದವರದ್ದು ಕ್ಯಾನ್ಸಲ್ ಮಾಡುದಾದರೆ ಮೊದಲು ಅಂಗಾರನನ್ನು ಮಾಡಬೇಕು, ಮತ್ತೆ ನನ್ನನ್ನು." ಮೇಡಂ ಇಪ್ಪತ್ತನಾಲ್ಕನ್ನು ಹೊಡೆದುಹಾಕಿ ಇಪ್ಪತ್ತೈದು ಎಂದು ಬರೆದರು. "ನಾಳಿದ್ದಿನಿಂದ ಒಂದು ವಾರ ಬೆಳಿಗ್ಗೆ ಎಂಟಕ್ಕೆ ಬರ್ಬೇಕು ನೀನು. ಐವತ್ತು ಟ್ರೇಗೂ ನೀನೇ ಪಿನ್ನು ಚುಚ್ಚು, ಹೆಸರು ಹೇಳು. ಅಂಗಾರ ನೋಡ್ತಾನೆ. ಈಗ ಆ ದಾರವನ್ನೊಮ್ಮೆ ಕತ್ತರಿಸು."

ಕತ್ತರಿಸಲು ಮೇಡಂ ಅವರ ಕತ್ತರಿ ಸಾಲಲಿಲ್ಲ. ಅಂಗಾರಣ್ಣ ಎಲುಬು ಕತ್ತರಿಸುವ ಇಕ್ಕಳವನ್ನೇ ತರಬೇಕಾಯಿತು.

ಮನೆಗೆ ಬಂದಾಗ ಯಮನವ್ವ ರೊಟ್ಟಿ ಬಡಿಯುತ್ತಿದ್ದಳು. "ಎಷ್ಟು ಬಂತವಾ?"

"ಇಪ್ಪತ್ತೈದು."

"ಎಷ್ಟಕ್ಕ?"

"ಐವತ್ತಕ್ಕ."

"ಹಂಗಂದ್ರ ಅರ್ಧಾ ತಲಿ ಬಂತು. ಇನ್ನರ್ಧಾ ದೊಡ್ಡ ಪರೀಕ್ಷಿಗೆ ಬರ್ತೈತಿ ಬಿಡು" ಎಂದಳು ಯಮನವ್ವ, ಅದೇನು ಮಹಾ ಎಂಬಂತೆ. ಒಂದೇ ಬೆಂಚಿನ ಕನಸು ಮುರಿದ ನಾಗವೇಣಿ ಮುಖ ಊದಿಸಿಕೊಂಡು ಪುಸ್ತಕ ತೆರೆದಳು.

ಅಷ್ಟರಲ್ಲಿ ಯಮನವ್ವನ ಕಣ್ಣು ಕೋಟಿನ ತೋಳಿನ ಮೇಲೆ ಬಿತ್ತು. "ಯಾವ ಭಾಡ್ಯಾ ಕತ್ತರಿಸಿದನ ನನ್ನ ಹೊಲಿಗಿ? ಇಲ್ಲಿ ತಾ, ಈ ಸಲ ಎರಡೆಳಿ ಹಾಕಿ ಹೊಲೀತೀನಿ."

ಬ್ಯಾಡವ್ವಾ ಎನ್ನಲು ಮಹಾಲಕ್ಷ್ಮಿ ಬಾಯಿ ತೆರೆದಳು. ಆಗ ಹೊಳೆಯಿತು. ಆ ಕುಣಿಕೆ ಸಿಕ್ಕಿಕೊಳ್ಳದಿದ್ದರೆ ಪಿನ್ನು ಅಂಗಾರಣ್ಣ ಚುಚ್ಚಿದ ಗುಂಡದಲ್ಲೇ ಇರುತ್ತಿತ್ತು. ಆ ಗುಂಡದ ಹೆಸರು ಅವಳಿಗೆ ಅಂದು ಸತ್ತರೂ ಗೊತ್ತಿರಲಿಲ್ಲ. ಇಪ್ಪತ್ತನಾಲ್ಕಕ್ಕೇ ನಿಲ್ಲುತ್ತಿದ್ದಳು.

ಅವ್ವನ ಪಕ್ಕ ಕುಳಿತು, ಕೋಟಿನ ತೋಳನ್ನು ಅವಳ ಕಡೆಗೆ ಚಾಚಿದಳು.