ಗುರುದೇವಿಯ ಸೊನ್ನೆ

ಮತ್ತೆ ಸೊನ್ನೆ. ‘ವೈರಸ್ ಪತ್ತೆಯಾಗಿಲ್ಲ.’ ಸಂಗಮನಾಥ ಪರದೆಯನ್ನು ಎರಡು ಸಲ ಓದಿದ. ಹೆಸರಿರಲಿಲ್ಲ, ನಂಬರು ಮಾತ್ರ. ಹೆಂಡತಿ ಗುರುದೇವಿಯ ನಂಬರು ಅವನಿಗೆ ಬಾಯಿಪಾಠ.

ಅವನದು ಬೆಳಿಗ್ಗೆಯೇ ಬಂದಿತ್ತು. ಒಂದು ಮಿಲಿಲೀಟರ್ ರಕ್ತಕ್ಕೆ ನಲವತ್ತೊಂದು ಸಾವಿರ ವೈರಸ್.

ಶಹಾಪುರದ ಈ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಊರವರ ರಕ್ತದಲ್ಲಿ ಎಚ್‌ಐವಿ ಎಣಿಸುವವನು ಅವನು. ವೈರಸ್ಸಿನ ಆರ್‌ಎನ್‌ಎಯನ್ನು ಯಂತ್ರ ಹೇಗೆ ಹೆಚ್ಚಿಸುತ್ತದೆ, ಎಷ್ಟನೇ ಸುತ್ತಿಗೆ ಪತ್ತೆ ಹಿಡಿಯುತ್ತದೆ, ಎಲ್ಲ ಬಲ್ಲ. ಗುರುದೇವಿ ಓದಿದ್ದು ಏಳನೆಯ ಈಯತ್ತೆ. ರೋಗ ಕೊಟ್ಟವನು ಅವನು, ಗೆದ್ದವಳು ಅವಳು! ಹೊಟ್ಟೆ ಧಗಧಗ ಉರಿಯಿತು.

ಒಂದೇ ಮನೆ, ಒಂದೇ ಗುಳಿಗೆ. ಅವಳು ಉಂಡ ಮೇಲೆ ಸೋಂಪು ತಿಂದಷ್ಟು ಸಲೀಸಾಗಿ ನುಂಗಿ ಪಾತ್ರೆ ತೊಳೆಯಲು ಏಳುತ್ತಿದ್ದಳು. ಅವನು ನಾಲಿಗೆಯಡಿ ಇಟ್ಟುಕೊಂಡು ಬಚ್ಚಲಿಗೆ ಹೋಗಿ ಉಗುಳುತ್ತಿದ್ದ. ನುಂಗಿದರೆ ರೋಗಿ ಎಂದು ಒಪ್ಪಿಕೊಂಡ ಹಾಗೆ. ಅವಳಿಗೆ ಇದು ಗೊತ್ತಿರಲಿಲ್ಲ.

ರಿಜಿಸ್ಟರಿನಲ್ಲಿ ಎರಡೂ ನಂಬರಿನ ಮುಂದೆ ‘ಸ್ಯಾಂಪಲ್ ಕೆಟ್ಟಿದೆ’ ಎಂದು ಬರೆದು ಅವಳಿಗೆ ಫೋನು ಮಾಡಿದ. ಮಧ್ಯಾಹ್ನ ಭೀಮರಾಯನಗುಡಿಯಿಂದ ಬಸ್ಸು ಹತ್ತಿ ಬಂದಳು.

“ಏನ್ ಬಂತ್ರಿ?”

“ಬಂದಿಲ್ಲ. ರಕ್ತ ಒಡದದ. ಮತ್ತೊಮ್ಮೆ ಕೊಡಬೇಕು.”

“ಒಡದದ ಅಂದ್ರ?”

“ಬಿಸಿಲಿಗೆ ಕೆಡ್ತದ. ನಂದೂ ಹಂಗೇ ಆಗ್ಯಾದ.”

ಅವಳು ಸ್ಟೂಲಿನ ಮೇಲೆ ಕೂತು ಕೈ ಚಾಚಿದಳು. “ಇಬ್ಬರದೂ ಸೊನ್ನೆ ಬರ್ಲಿ, ಆಮ್ಯಾಲ ಕೂಸಿನ ವಿಚಾರ ಮಾಡೂಣು ಅಂದಾರ ದೇವಿಕಾ ಡಾಕ್ಟರು. ನನಗ ಮೂವತ್ತೆಂಟು ಆದ್ವು. ಇನ್ನ ತಡ ಮಾಡಂಗಿಲ್ರಿ.”

“ಹೂಂ.”

“ನಂದು ಬರ್ತದ. ನಿಮ್ದೂ ಬರ್ತದ. ದಿನಾ ನುಂಗಾಕತ್ತೀವಲ್ಲ.”

ಅವನು ಅವಳ ತೋಳಿಗೆ ಪಟ್ಟಿ ಬಿಗಿದ. ನರ ಸುಲಭಕ್ಕೆ ಸಿಕ್ಕಿತು. ಒಂದು ಟ್ಯೂಬು ತುಂಬಿತು. ಸೂಜಿ ತೆಗೆಯದೆ ಇನ್ನೊಂದನ್ನು ಹಚ್ಚಿದ.

“ಎರಡ್ಯಾಕ್ರಿ?”

“ಇದೂ ಒಡೆದ್ರ ಮತ್ತ ನೀ ಬರಬೇಕಾಗ್ತದ.”

“ತೊಗೋರಿ. ಬೇಕಾದಷ್ಟು ತೊಗೋರಿ.”

ಹತ್ತಿ ಒತ್ತಿಕೊಂಡು ಅವಳು ಬಾಗಿಲ ಹೊರಗಿನ ಬೆಂಚಿಗೆ ಹೋದಳು. ಒಂದು ಟ್ಯೂಬಿಗೆ ಅವಳ ನಂಬರು ಅಂಟಿಸಿದ. ಇನ್ನೊಂದಕ್ಕೆ ತನ್ನದು. ತನ್ನ ನಂಬರಿಗೆ ಬರುವ ಸೊನ್ನೆಯೂ ಅವಳದೇ. ಅದಕ್ಕೂ ಅವನಿಗೆ ಸಿಟ್ಟು ಬಂತು.

“ನಿಮ್ದು ಯಾವಾಗ ಕೊಡ್ತೀರಿ?” ಬೆಂಚಿನಿಂದ ಕೇಳಿದಳು.

“ಕೊಟ್ಟೀನಿ.”

ರಕ್ತ ತಿರುವುವ ಯಂತ್ರದಲ್ಲಿ ಎರಡನ್ನೂ ಎದುರುಬದುರು ಇಟ್ಟ. ತೂಕ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಮುಚ್ಚಳ ಹಾಕಿ ಗುಂಡಿ ಒತ್ತಿದ. ಗಾಜಿನ ಕಿಂಡಿಯೊಳಗೆ ಮೊದಮೊದಲು ಎರಡು ನಂಬರೂ ಬೇರೆಬೇರೆ ಕಾಣುತ್ತಿದ್ದವು. ಆಮೇಲೆ ಒಂದು ಕೆಂಪು ಗೆರೆ ಮಾತ್ರ ತಿರುಗುತ್ತಿತ್ತು.