ಉಳಿದ ಒಂದು ಸ್ಕ್ರೂ

ಶನಿವಾರ ಬೆಳಿಗ್ಗೆ ನೀತಕ್ಕನ ಫೋನು ಬಂದಾಗ ನನಗೆ ಮೊದಲು ಬಂದದ್ದು ಸಿಟ್ಟು, ಆಮೇಲೆ ಬಂದದ್ದು ಖುಷಿ.

"ರಂಜು, ಹೊಸಾ ಕಪಾಟ ಬಂದದವಾ, ಎಲ್ಲಾ ಬಿಡಿ ಬಿಡಿ ಹಲಗಿ. ಕೂಡಸಾಂವ ಬುಧವಾರ ಬರ್ತೀನಿ ಅಂತಾನ. ನಾಳೆನ ವಾಸ್ತುಶಾಂತಿ. ನಿನಗ ಬರ್ತದಲ್ಲ, ಬಂದು ಕೂಡ್ಸಿ ಕೊಡ."

ನೀತಕ್ಕ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಅವರು ಊರ ಇನ್ನೊಂದು ತುದಿಯ ನಿಗಡಿಯಲ್ಲಿ ಸ್ವಂತ ಫ್ಲ್ಯಾಟು ತಗೊಂಡಿದ್ದರು. ನಾವಿನ್ನೂ ಯೆರವಡಾದಲ್ಲಿ ಬಾಡಿಗೆಗೆ. ಹನ್ನೊಂದು ತಿಂಗಳ ಕರಾರು ಮುಗಿದಾಗಲೆಲ್ಲ ಮನೆ ಬದಲು, ಮಂಚ ಬಿಚ್ಚು, ಮೇಜು ಬಿಚ್ಚು, ಮತ್ತೆ ಕೂಡಿಸು. ಹೀಗಾಗಿ ಆ ಕೆಲಸ ನನ್ನ ಕೈಗೆ ಹತ್ತಿಬಿಟ್ಟಿದೆ. "ಬರ್ತೀನ್ರೀ ಅಕ್ಕಾ" ಅಂದವಳೇ ಸ್ಕ್ರೂ ಡ್ರೈವರನ್ನು ಚೀಲಕ್ಕೆ ಹಾಕಿಕೊಂಡೆ.

ಈ ಹೆಂಗಸಿಗೆ ಏನು ಮಾಡಬೇಕು ಅಂತ ನಾನು ಮೂರು ವರ್ಷದಿಂದ ಯೋಚಿಸುತ್ತಲೇ ಇದ್ದೆ. ಆಕೆಯ ಮಗನನ್ನು ತೊಟ್ಟಿಲಿಗೆ ಹಾಕುವ ದಿನ ನಾನೂ ಉಳಿಯಲು ಹೋಗಿದ್ದೆ. ಆಕೆಯ ಒಂದು ಝುಮಕಿ ಕಾಣೆಯಾಯಿತು. ಮನೆ ತುಂಬ ಜನ ಇದ್ದರೂ ಆಕೆಯ ಕಣ್ಣು ಬಿದ್ದದ್ದು ನನ್ನ ಬ್ಯಾಗಿನ ಮೇಲೆ. ಪಡಸಾಲೆಯ ನಟ್ಟನಡುವೆ ಅದನ್ನು ಬೋರಲು ಹಾಕಿದಳು. ನನ್ನ ಒಳಲಂಗ, ಪ್ಯಾಡು, ಹರಿದ ಬಾಡಿ ಎಲ್ಲ ಒಂದೊಂದಾಗಿ ಎತ್ತಿ ಝಾಡಿಸಿದಳು. ಭಾವ, ಮಾವ, ಬೀಗರು, ಎಲ್ಲರೂ ನೋಡಿದರು. ಅತ್ತೆ ಬಸವಣ್ಣೆವ್ವ ತೊಟ್ಟಿಲು ತೂಗುತ್ತ ಆ ಕಡೆ ಮುಖ ಮಾಡಿಕೊಂಡರು.

ಸಂಜೆ ಝುಮಕಿ ಸಿಕ್ಕಿತು. ಆಕೆಯದೇ ಪರ್ಸಿನ ಒಳಬಟ್ಟೆ, ಹರಿದ ಅಸ್ತರಿನೊಳಗೆ. "ಆತ ಬಿಡವಾ, ಸಿಕ್ತಲ್ಲ. ಇಷ್ಟಕ್ಯಾಕ ಮಾರಿ ಸಣ್ಣದ ಮಾಡ್ತಿ?" ಅಂದು ನಕ್ಕಳು. ಎಲ್ಲರೂ ಊಟಕ್ಕೆ ಎದ್ದರು. ನಾನು ಪಡಸಾಲೆಯಲ್ಲಿ ಒಬ್ಬಳೇ ಕೂತು ಬಟ್ಟೆ ಮಡಿಚಿದೆ. ತಪ್ಪಾಯಿತು ಅನ್ನುವ ಒಂದು ಮಾತಿಗೆ ನಾನು ಅವತ್ತಿನಿಂದ ಕಾದೆ, ಬರಲಿಲ್ಲ.

ನಿಗಡಿಗೆ ಹೋಗಿ ನೋಡಿದರೆ ನೀತಕ್ಕ ಆಗಲೇ ಅರ್ಧ ಕೆಲಸ ಕೆಡಿಸಿಟ್ಟಿದ್ದಳು. ಬೇರೆ ಬೇರೆಯಾಗಿ ಬಂದ ಪುಡಿಕೆಗಳನ್ನು ಕತ್ತರಿಸಿ ಸ್ಕ್ರೂಗಳನ್ನೆಲ್ಲ ಒಂದೇ ತಾಟಿಗೆ ಸುರಿದು, ಅರಿಶಿನ ಕುಂಕುಮ ಏರಿಸಿ, ಆರತಿ ಬೆಳಗಿದ್ದಳು. ಹೊಸ ವಸ್ತು ಪೂಜೆಯಿಲ್ಲದೆ ಮುಟ್ಟಬಾರದಂತೆ. ನಾನು ನೆಲದ ಮೇಲೆ ಕೂತು ಕುಂಕುಮ ಒರೆಸುತ್ತ ಉದ್ದದ್ದು, ಗಿಡ್ಡದ್ದು ಅಂತ ಬೇರೆ ಮಾಡಿದೆ. ಉದ್ದದ್ದು ಹಲಗೆಗೆ ಹಲಗೆ ಹಿಡಿಸಲು, ಗಿಡ್ಡದ್ದು ಬಾಗಿಲು ತಿರುಗುವ ಬಿಜಾಗರಿಗೆ.

ಬಿಜಾಗರಿಗೆ ಉದ್ದದ್ದನ್ನು ಹಾಕಿದರೆ ತುದಿ ಬಾಗಿಲು ತೂರಿ ಮುಂದಿನ ಕನ್ನಡಿ ಒಡೆಯುತ್ತದೆ. ಒಳಗಿನ ಅಡ್ಡಹಲಗೆಗೆ ಹಾಕಿದರೆ ಮೊನೆ ಹೊರಬಂದು ರೇಷ್ಮೆ ಸೀರೆಗಳನ್ನು ಒಂದೊಂದಾಗಿ ಹರಿಯುತ್ತದೆ. ಉದ್ದದ ಸ್ಕ್ರೂ ಒಂದನ್ನು ಬಿಜಾಗರಿಯ ತೂತಿಗೆ ಹಿಡಿದು ನೋಡಿದೆ. ಸುಳ್ಳು ಯಾಕೆ ಹೇಳಲಿ, ಬಾಯಲ್ಲಿ ನೀರೂರಿತು. ಆದರೆ ಅದೆಲ್ಲ ಆಗುವುದು ನಾನು ಹೋದ ಮೇಲೆ. ನನಗೆ ಕಣ್ಣಾರೆ ನೋಡಬೇಕಿತ್ತು. ಮೇಲಾಗಿ ಆ ಕಪಾಟಿನ ಮುಂದೆ ಆಕೆಯ ಕೂಸು ಆಡುತ್ತಿತ್ತು, ಅದು ನನಗೇನು ಮಾಡಿತ್ತು?

ಅದಕ್ಕೇ ನನ್ನ ಮನೆಯದಕ್ಕಿಂತ ಚೆನ್ನಾಗಿ ಕೂಡಿಸಿದೆ. ಮೊದಲು ಎಲ್ಲ ಸ್ಕ್ರೂ ಸಡಿಲವಾಗಿ ಕೂರಿಸಿ, ಮೂಲೆ ನೇರ ಮಾಡಿ, ಆಮೇಲೆ ಬಿಗಿ ಮಾಡಿದೆ. ಇಂಥ ಕಟ್ಟಿಗೆ ಹೊಟ್ಟಿನ ಬೋರ್ಡಿನಲ್ಲಿ ಸ್ಕ್ರೂ ಕಚ್ಚಿಕೊಂಡ ಕೂಡಲೇ ಕೈ ನಿಲ್ಲಿಸಬೇಕು. ಜೋರು ಮಾಡಿದರೆ ತೂತು ಪುಡಿಯಾಗಿ ಸ್ಕ್ರೂ ಸುಮ್ಮನೆ ಗರಗರ ತಿರುಗುತ್ತದೆ. ಕೊನೆಗೆ ಕಪಾಟನ್ನು ಗೋಡೆಗೂ ಬಿಗಿದೆ. ತಾಟಿನಲ್ಲಿ ಒಂದು ಉದ್ದದ ಸ್ಕ್ರೂ ಉಳಿಯಿತು. ಕಳೆದರೆ ಇರಲಿ ಅಂತ ಕಂಪನಿಯವರು ಒಂದು ಹೆಚ್ಚಿಗೆ ಹಾಕಿರುತ್ತಾರೆ.

ಕಿಟಕಿಯ ಕಟ್ಟೆಯ ಮೇಲೆ ಅದೇ ಪರ್ಸಿತ್ತು. ಅಸ್ತರನ್ನು ಇನ್ನೂ ಹೊಲಿದಿರಲಿಲ್ಲ.

ಭಾನುವಾರ ಪೂಜೆ ಮುಗಿಯಿತು. ಹೆಂಗಸರೆಲ್ಲ ಕಪಾಟು ನೋಡಲು ಬಂದರು. ಅತ್ತೆ ಇದ್ದರು, ಅವರ ತಂಗಿ ಸಾವಂತ್ರವ್ವ ಚಿಗವ್ವನೂ ಇದ್ದರು. ಅವತ್ತು ನನ್ನ ಒಳಲಂಗ ನೋಡಿದ ಕಣ್ಣುಗಳೇ ಎಲ್ಲ. ನೀತಕ್ಕ ಬಾಗಿಲು ತೆರೆದು ತೋರಿಸಿದಳು. "ನಮ್ಮ ರಂಜುನ ಕೂಡಿಸಿದ್ಲು. ಇಂಥಾ ಆಳಿನ ಕೆಲಸ ಅಕಿಗೆ ಛಲೋ ಬರ್ತದ."

"ಅಕ್ಕಾ, ಒಂದು ಸ್ಕ್ರೂ ಸಿಗವಲ್ದ್ರಿ" ಅಂದೆ ನಾನು. "ನಿನ್ನೆ ತಾಟಿನ್ಯಾಗ ಇತ್ತು."

"ಯಾವದು?"

"ಉದ್ದಂದು, ಹಲಗಿ ಹಿಡಸೂದು."

ನೀತಕ್ಕನ ಮುಖ ಬಿಳಿಚಿತು. "ಕಪಾಟ ಮೈಮ್ಯಾಲ ಬಿದ್ದರ?"

"ಒಳಗ ಬಿದ್ದಿದ್ದೀತು, ಎಲ್ಲಾ ತಗದು ಹುಡುಕವಾ, ಕೂಸು ಅದ ಮನ್ಯಾಗ" ಅಂದರು ಚಿಗವ್ವ. ಅವರು ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದರು.

ನೀತಕ್ಕ ತೆಗೆಯತೊಡಗಿದಳು. ಸೀರೆ, ಲಂಗ, ಪಿನ್ನು ಹಾಕಿದ ಬಾಡಿ, ಯಾರಿಗೂ ಹೇಳದೆ ಮುಡಿಯುತ್ತಿದ್ದ ಚೌರಿ, ಎಲ್ಲ ನೆಲಕ್ಕೆ ಬಂದವು. ಚಿಗವ್ವ ಆಸೆಪಟ್ಟು ಕೊಟ್ಟಿದ್ದ ಇಳಕಲ್ ಸೀರೆಯೂ ಬಂತು. ಮಡಿಕೆ ಮುರಿದಿರಲಿಲ್ಲ, ಮೇಲೆ ಬೇರೆ ಯಾರಿಗೋ ಕೊಡಲು ಹೆಸರು ಬರೆದ ಚೀಟಿ ಅಂಟಿಸಿತ್ತು. ಚಿಗವ್ವ ಅದನ್ನು ಎತ್ತಿ ಓದಿ, ಮಡಿಲಲ್ಲಿ ಇಟ್ಟುಕೊಂಡರು. ಭಾವ ಬಾಗಿಲ ತನಕ ಬಂದು, ನೋಡಿ, ಹಿಂದಿರುಗಿದ. ನೀತಕ್ಕನ ಕುಂಕುಮ ಬೆವರಿಗೆ ಇಳಿಯುತ್ತಿತ್ತು. ಕಪಾಟು ಪೂರ್ತಿ ಖಾಲಿಯಾಗುವವರೆಗೆ ನಾನು ನೋಡುತ್ತ ನಿಂತಿದ್ದೆ.

"ಅಕ್ಕಾ, ನಿಮ್ಮ ಪರ್ಸ್ ನೋಡ್ರಿ" ಅಂದೆ.

ಆಕೆ ಪರ್ಸಿಗೆ ಕೈ ಹಾಕಿದಳು. ಹರಿದ ಅಸ್ತರಿನೊಳಗೆ ಬೆರಳು ಹೋದದ್ದು ಕಂಡಿತು. ಸ್ಕ್ರೂ ಹೊರಬಂದಾಗ ಅದರ ಮೇಲೆ ಒಂದು ಚೂರು ಕುಂಕುಮ ಇನ್ನೂ ಇತ್ತು.

"ಆತ ಬಿಡ್ರಿ, ಸಿಕ್ತಲ್ಲ" ಅಂದೆ. "ಇಷ್ಟಕ್ಯಾಕ ಮಾರಿ ಸಣ್ಣದ ಮಾಡ್ತೀರಿ?"

"ರಂಜನಾ, ಸಾಕವಾ" ಅಂದರು ಅತ್ತೆ.

"ಈ ಮಾತು ಅವತ್ತು ಅಕ್ಕಗ ಹೇಳಬೇಕಿತ್ರಿ ಅತ್ತೀ."

ಒಬ್ಬೊಬ್ಬರಾಗಿ ಎಲ್ಲರೂ ಊಟಕ್ಕೆ ಎದ್ದರು. ನೀತಕ್ಕ ಸೀರೆಗಳ ನಡುವೆ ಕೂತೇ ಇದ್ದಳು. ಬಗ್ಗಿ ಒಂದು ಕೈ ಹಚ್ಚೋಣ ಅಂತ ಅನ್ನಿಸಿತು, ಹಚ್ಚಲಿಲ್ಲ.

"ತಪ್ಪಾತ ರಂಜು" ಅಂದಳು ಆಕೆ, ನೆಲ ನೋಡುತ್ತ. ಕೂಡಲೇ ಕೇಳಿದಳು: "ಕಪಾಟ ಗಟ್ಟಿ ಅದ ಇಲ್ಲೋ? ಖರೇ ಹೇಳ."

ಮೂರು ವರ್ಷ ಕಾದ ಮಾತು ಬಂತು. ಅದೂ ಕಪಾಟಿನ ಸಲುವಾಗಿ.

"ಭಾಳ ಗಟ್ಟಿ ಅದ್ರಿ ಅಕ್ಕಾ" ಅಂದೆ. "ನನ್ನ ಮಾತಿನ ಮ್ಯಾಲ ನಂಬಿಗಿ ಇದ್ರ."

ಆಕೆಯ ಕೈಯಿಂದ ಸ್ಕ್ರೂ ತಗೊಂಡು ಚೀಲಕ್ಕೆ ಹಾಕಿಕೊಂಡು ಊಟಕ್ಕೆ ಹೋದೆ.

ನೀತಕ್ಕ ಈಗಲೂ ಕೂಸನ್ನು ದೂರ ಕೂರಿಸಿ, ಒಂದು ಕಾಲು ಹಿಂದಿಟ್ಟು, ಎರಡೂ ಕೈಯಿಂದ ಹಿಡಿದು ಬಾಗಿಲು ತೆಗೆಯುತ್ತಾಳಂತೆ. ಕಪಾಟು ಕೂದಲೆಳೆಯಷ್ಟೂ ಅಲ್ಲಾಡುವುದಿಲ್ಲ. ನಾನು ಕೂಡಿಸಿದ್ದು, ಹೇಗೆ ಅಲ್ಲಾಡೀತು?